ನೂರ ನಲವತ್ತರ ಗೆರೆ

ಹೋದ ವರ್ಷ ನಮ್ಮ ಶಾಲೆಯಲ್ಲಿ ಆರೋಗ್ಯ ತಪಾಸಣೆಯ ಶಿಬಿರ ನಡೆಯಿತು. ಮಕ್ಕಳ ಕಣ್ಣು, ಹಲ್ಲು ನೋಡಿ ಮುಗಿದ ಮೇಲೆ ಬಂದಿದ್ದ ನರ್ಸು, "ಟೀಚರುಗಳೂ ಬನ್ನಿ, ಬಿ.ಪಿ. ನೋಡಿಬಿಡ್ತೀನಿ" ಎಂದು ಕರೆದಳು. ಸ್ಟಾಫ್ ರೂಮಿನ ಬೆಂಚಿನ ಮೇಲೆ ನಾವೆಲ್ಲ ಸಾಲಾಗಿ ಕೂತು, ಬಳೆ ಹಿಂದಕ್ಕೆ ಸರಿಸಿ ತೋಳು ಚಾಚಿದೆವು. ನನ್ನದು 136, ಕೆಳಗಿನದು 84. "ನಾರ್ಮಲ್ ಮೇಡಂ, ಏನೂ ಯೋಚನೆ ಮಾಡಬೇಡಿ" ಎಂದು ಆಕೆ ಮುಂದಿನವರ ತೋಳಿಗೆ ಪಟ್ಟಿ ಸುತ್ತಿದಳು.

ಅಂದು ರಾತ್ರಿ ಅಕ್ಕನ ಮಗಳು ನ್ಯೂಜೆರ್ಸಿಯಿಂದ ಫೋನು ಮಾಡಿದ್ದಳು. ಮಾತಿನ ಮಧ್ಯೆ ಇದನ್ನು ಹೇಳಿದೆ. "ಚಿಕ್ಕಮ್ಮಾ, ಅದು ನಾರ್ಮಲ್ ಅಲ್ಲ. ಇಲ್ಲಿ ಅದಕ್ಕೆ ಹೈಪರ್‌ಟೆನ್ಷನ್ ಮೊದಲನೇ ಹಂತ ಅಂತಾರೆ. ನೀನು ನಾಳೇನೇ ಡಾಕ್ಟರ ಹತ್ತಿರ ಹೋಗು" ಎಂದು ಗಾಬರಿಯಾದಳು. ಅದೇ ತೋಳು, ಅದೇ ರಕ್ತ, ಅದೇ ದಿನ. ನಮ್ಮೂರಿನಲ್ಲಿ ನಾನು ಆರೋಗ್ಯವಂತೆ, ಅಮೆರಿಕದಲ್ಲಿ ರೋಗಿ. ಮಲಗಿದರೂ ನಿದ್ದೆ ಹತ್ತಲಿಲ್ಲ. ಯೋಚನೆ ನನ್ನ ಬಗ್ಗೆ ಅಷ್ಟಾಗಿ ಇರಲಿಲ್ಲ, ಅಮ್ಮನ ಬಗ್ಗೆ ಇತ್ತು.

ಅಮ್ಮನ ಹಳೆಯ ಟ್ರಂಕಿನಲ್ಲಿ ಒಂದು ಚೀಟಿ ಇದೆ. 1989ರದು. ಆಗ ಅವಳಿಗೆ ನಲವತ್ತೊಂಬತ್ತು ವರ್ಷ. ತಲೆ ಸುತ್ತುತ್ತದೆ ಎಂದು ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಚೀಟಿಯಲ್ಲಿ 152/92 ಎಂದು ಬರೆದು, ಕೆಳಗೆ ಕಬ್ಬಿಣದ ಟಾನಿಕ್ಕಿನ ಹೆಸರು ಬರೆದಿದ್ದಾರೆ, ಅಷ್ಟೆ. "ವಯಸ್ಸಿಗೆ ಇಷ್ಟು ಇರುತ್ತೆ ಕಣಮ್ಮ, ನೂರಕ್ಕೆ ವಯಸ್ಸು ಸೇರಿಸಿಕೊಂಡರೆ ಆಯ್ತು" ಎಂದು ಡಾಕ್ಟರು ನಕ್ಕಿದ್ದರು. ನಲವತ್ತೊಂಬತ್ತಕ್ಕೆ ನೂರು ಸೇರಿಸಿದರೆ ನೂರ ನಲವತ್ತೊಂಬತ್ತು. ಮೂರು ಹೆಚ್ಚು ಎಂದು ಲೆಕ್ಕ ಹಾಕಿಕೊಂಡು ಅಮ್ಮನೂ ನಕ್ಕಿದ್ದಳು. 1995ರ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಹೊಸಿಲಿಗೆ ರಂಗೋಲಿ ಇಡುತ್ತಿದ್ದವಳು ಹಾಗೇ ಪಕ್ಕಕ್ಕೆ ವಾಲಿದಳು. ಬಲಗಡೆಗೆ ಲಕ್ವ ಹೊಡೆದಿತ್ತು. ಆಮೇಲೆ ನಾಲ್ಕು ವರ್ಷ ಬದುಕಿದ್ದಳು. ಅಷ್ಟು ಮಾತಾಡುತ್ತಿದ್ದ ಹೆಂಗಸು ಆ ನಾಲ್ಕು ವರ್ಷ ಎರಡೋ ಮೂರೋ ಶಬ್ದದಲ್ಲಿ ಕಳೆದಳು.

ಆ ಡಾಕ್ಟರ ಮೇಲೆ ನನಗೆ ಬಹಳ ವರ್ಷ ಸಿಟ್ಟಿತ್ತು. ಅವರು ಈಗ ಇಲ್ಲ. ಅವರ ಮೇಲಿನ ಸಿಟ್ಟು ಸರಿಯೇ ಎಂದು ನೋಡಲು ಹೊರಟು ಈ ಬಿ.ಪಿ.ಯ ಚರಿತ್ರೆಯನ್ನು ಓದಿದೆ. ಪಾಠ ಹೇಳುವುದು ಸಮಾಜ ವಿಜ್ಞಾನವಾದ್ದರಿಂದ, ಯಾವುದಕ್ಕಾದರೂ ಇಸವಿ ಹಿಡಿದುಕೊಂಡೇ ಹೋಗುವುದು ನನಗೆ ಅಭ್ಯಾಸ.

ರಕ್ತಕ್ಕೆ ಒತ್ತಡವಿದೆ ಎಂದು ಮೊದಲು ಅಳೆದು ತೋರಿಸಿದವನು ಸ್ಟೀಫನ್ ಹೇಲ್ಸ್ ಎಂಬ ಇಂಗ್ಲಿಷ್ ಪಾದ್ರಿ. ಕುದುರೆಯ ರಕ್ತನಾಳಕ್ಕೆ ಗಾಜಿನ ಉದ್ದನೆಯ ಕೊಳವೆ ಸೇರಿಸಿದಾಗ ರಕ್ತ ಎಂಟು ಅಡಿಗೂ ಮೇಲೆ ಏರಿತಂತೆ. 1733ರಲ್ಲಿ ಅವನು ಅದನ್ನು ಪುಸ್ತಕದಲ್ಲಿ ಬರೆದ. ಕುದುರೆಗೆ ಮಾಡಿದ್ದನ್ನು ಮನುಷ್ಯರಿಗೆ ಮಾಡುವ ಹಾಗಿರಲಿಲ್ಲ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ ಪಾದರಸದಲ್ಲಿ ಅಳೆಯುವ ಉಪಾಯ 1896ರಲ್ಲಿ ಇಟಲಿಯ ರಿವಾ ರೋಚಿಯಿಂದ ಬಂತು. 1905ರಲ್ಲಿ ರಷ್ಯದ ಕೊರೊಟ್ಕಾಫ್ ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು, ಸದ್ದು ಕೇಳಿಸಲು ಶುರುವಾದಾಗ ಮೇಲಿನ ಅಂಕಿ, ಸದ್ದು ನಿಂತಾಗ ಕೆಳಗಿನ ಅಂಕಿ ಎಂದು ತೋರಿಸಿಕೊಟ್ಟ. ಈಗಿನ ಎರಡು ಅಂಕಿಗಳು ಹುಟ್ಟಿದ್ದು ಹೀಗೆ.

ಅಂಕಿಯೇನೋ ಸಿಕ್ಕಿತು, ಅದನ್ನು ಏನು ಮಾಡಬೇಕು ಎಂಬುದು ವೈದ್ಯರಿಗೆ ತಿಳಿಯಲಿಲ್ಲ. ಮೊದಲು ತಿಳಿದದ್ದು ಅಮೆರಿಕದ ಜೀವವಿಮೆ ಕಂಪನಿಗಳಿಗೆ. ಪಾಲಿಸಿ ಕೇಳಿ ಬಂದವರ ಒತ್ತಡ ಅಳೆದು ಬರೆದಿಟ್ಟುಕೊಂಡು, ಅಂಕಿ ಹೆಚ್ಚಿದ್ದವರು ಬೇಗ ಸಾಯುತ್ತಾರೆ ಎಂದು ಕಳೆದ ಶತಮಾನದ ಮೊದಲ ದಶಕಗಳಲ್ಲೇ ಅವು ಕಂಡುಕೊಂಡವು. ದುಡ್ಡು ಕೊಡಬೇಕಾದವನ ಲೆಕ್ಕ ಯಾವಾಗಲೂ ಚೊಕ್ಕಟ! ದೊಡ್ಡ ವೈದ್ಯರು ಮಾತ್ರ, ವಯಸ್ಸಾದಂತೆ ರಕ್ತನಾಳಗಳು ಗಟ್ಟಿಯಾಗುತ್ತವೆ, ಅದರೊಳಗೆ ರಕ್ತ ತಳ್ಳಲು ಒತ್ತಡ ಏರಲೇಬೇಕು, ಅದನ್ನು ಇಳಿಸಹೋದರೆ ಅಪಾಯ ಎಂದೇ ನಂಬಿದ್ದರು. ಅದಕ್ಕೆ ಅವರು ಇಟ್ಟ ಹೆಸರಿನಲ್ಲೇ 'ಅವಶ್ಯಕ' ಎಂಬ ಅರ್ಥ ಬರುವ 'ಎಸೆನ್ಷಿಯಲ್' ಎಂಬ ಮಾತು ಸೇರಿಕೊಂಡು, ಇಂದಿಗೂ ಉಳಿದಿದೆ. 1931ರಲ್ಲಿ ಇಂಗ್ಲೆಂಡಿನ ಜಾನ್ ಹೇ ಎಂಬ ವೈದ್ಯರು, ಒತ್ತಡ ಹೆಚ್ಚಿದೆ ಎಂದು ಪತ್ತೆಯಾಗುವುದೇ ರೋಗಿಗೆ ಇರುವ ದೊಡ್ಡ ಅಪಾಯ, ಯಾಕೆಂದರೆ ಯಾವನಾದರೂ ಮೂರ್ಖ ಅದನ್ನು ಇಳಿಸಲು ಹೊರಡುತ್ತಾನೆ ಎಂಬ ಅರ್ಥದ ಮಾತು ಹೇಳಿದ್ದರು. ನಮ್ಮ ಡಾಕ್ಟರ ನಗು ಎಲ್ಲಿಂದ ಬಂದದ್ದೆಂದು ಇದನ್ನು ಓದಿದಾಗ ನನಗೆ ಗೊತ್ತಾಯಿತು. 'ನೂರಕ್ಕೆ ವಯಸ್ಸು' ಎಂಬ ಸೂತ್ರ ಅವರೊಬ್ಬರದೇ ಆಗಿರಲಿಲ್ಲ, ಒಂದಿಡೀ ಕಾಲದ್ದು.

ಆ ಕಾಲದ ನಂಬಿಕೆಯ ಬೆಲೆ ತೆತ್ತವರಲ್ಲಿ ಎಲ್ಲರಿಗೂ ಗೊತ್ತಿರುವವರು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್. ಎರಡನೆಯ ಮಹಾಯುದ್ಧದ ಪಾಠ ಮಾಡುವಾಗಲೆಲ್ಲ ಯಾಲ್ಟಾ ಸಮ್ಮೇಳನದ ಚಿತ್ರ ತೋರಿಸಿದ್ದೇನೆ. ಚರ್ಚಿಲ್, ಸ್ಟಾಲಿನ್ನರ ನಡುವೆ ಮುಖ ಇಳಿಬಿಟ್ಟುಕೊಂಡು ಕೂತಿರುವ ಆ ಮನುಷ್ಯ. ಅವರ ಖಾಸಗಿ ವೈದ್ಯರು ಕಿವಿ ಮೂಗು ಗಂಟಲಿನ ತಜ್ಞರು. 1944ರ ಮಾರ್ಚಿಯಲ್ಲಿ ಹಾವರ್ಡ್ ಬ್ರೂಯೆನ್ ಎಂಬ ಹೃದಯದ ವೈದ್ಯರು ನೋಡಿದಾಗ ಒತ್ತಡ 186/108 ಇತ್ತು, ಹೃದಯ ಸೋಲತೊಡಗಿತ್ತು. ಮರುವರ್ಷ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ 260/150. ಕೊಡಲು ಔಷಧಿಯೇ ಇರಲಿಲ್ಲ. ವಿಶ್ರಾಂತಿ, ಉಪ್ಪು ಕಡಿಮೆ, ಸಿಗರೇಟು ಕಡಿಮೆ, ಹೃದಯಕ್ಕೆ ಡಿಜಿಟಾಲಿಸ್, ಅಷ್ಟೆ. 1945ರ ಏಪ್ರಿಲ್ 12ರಂದು ಚಿತ್ರಗಾರ್ತಿಯ ಮುಂದೆ ಕೂತಿದ್ದಾಗ ತಲೆಯ ಹಿಂಭಾಗ ವಿಪರೀತ ನೋಯುತ್ತಿದೆ ಎಂದವರು ಕುಸಿದರು. ಆಗ ಅಳೆದದ್ದು 300/190. ವಯಸ್ಸು ಅರವತ್ತಮೂರು. ಇಷ್ಟು ವರ್ಷ ಆ ಚಿತ್ರವನ್ನು ಗೋಡೆಗೆ ತೂಗುಹಾಕಿ ಪಾಠ ಮಾಡಿದೆನಲ್ಲ, ಯೂರೋಪನ್ನು ಹಂಚಿಕೊಳ್ಳಲು ಕೂತವರ ತಲೆಯೊಳಗೆ ರಕ್ತನಾಳ ಬಿರಿಯುವ ಸ್ಥಿತಿಯಲ್ಲಿತ್ತು ಎಂದು ಒಂದು ದಿನವೂ ಹೇಳಿರಲಿಲ್ಲ.

ಮೂರು ವರ್ಷದ ನಂತರ, 1948ರಲ್ಲಿ, ಅಮೆರಿಕ ಸರ್ಕಾರ ಹೃದಯರೋಗದ ಸಂಶೋಧನೆಗೆ ಕಾಯಿದೆ ಮಾಡಿತು. ಅದೇ ವರ್ಷ ಮ್ಯಾಸಚೂಸೆಟ್ಸ್ ರಾಜ್ಯದ ಫ್ರಾಮಿಂಗ್‌ಹ್ಯಾಂ ಎಂಬ ಊರಿನಲ್ಲಿ ಅಧ್ಯಯನ ಶುರುವಾಗಿ, 5,209 ಮಂದಿ ಗಂಡಸರು ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಒತ್ತಡ ಏರಿದಂತೆ ಅಪಾಯ ಏರುತ್ತದೆ, ವಯಸ್ಸಾದವರಲ್ಲೂ ಏರುತ್ತದೆ, ಹೆಂಗಸರಲ್ಲೂ ಏರುತ್ತದೆ ಎಂದು ಗೊತ್ತಾದದ್ದು ಅಲ್ಲಿ.

ಔಷಧಿಯ ಕಥೆಯಲ್ಲಿ ನಮ್ಮ ದೇಶದ ಪಾಲೂ ಇದೆ. ಸರ್ಪಗಂಧದ ಬೇರು ನಮ್ಮ ನಾಟಿ ಔಷಧಿಯಲ್ಲಿ ಹಿಂದಿನಿಂದಲೂ ಇತ್ತು. ಅದು ಒತ್ತಡ ಇಳಿಸುತ್ತದೆ ಎಂದು 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಬರೆದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ತಮ್ಮ ಅನುಭವವನ್ನು ಬ್ರಿಟನ್ನಿನ ಹೃದಯ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಪಶ್ಚಿಮದವರು ಕಣ್ಣು ತೆರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಕಂಪನಿಯೊಂದು ಆ ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿತು. ಅದಕ್ಕೂ ಮುಂಚೆ ಅಮೆರಿಕದಲ್ಲಿ ಕೆಂಪ್ನರ್ ಎಂಬವರು ರೋಗಿಗಳಿಗೆ ಉಪ್ಪಿಲ್ಲದ ಅನ್ನ ಮತ್ತು ಹಣ್ಣನ್ನೇ ತಿನ್ನಿಸಿ ಒತ್ತಡ ಇಳಿಸಿದ್ದರು. ಸಾರಿಲ್ಲದೆ, ಉಪ್ಪಿನಕಾಯಿ ಇಲ್ಲದೆ ಬರೀ ಅನ್ನ! ನಮ್ಮವರಾಗಿದ್ದರೆ ಎರಡನೇ ದಿನಕ್ಕೆ ಎದ್ದು ಬರುತ್ತಿದ್ದರು.

ಮಾತ್ರೆ ಬಂತು ಎಂದ ತಕ್ಷಣ ಒಂದು ಹೊಸ ಪ್ರಶ್ನೆ ಹುಟ್ಟಿತು. ಯಾರಿಗೆ ಕೊಡಬೇಕು? ಎಷ್ಟಾದರೆ ರೋಗ? ಇಲ್ಲಿಂದ ಮುಂದಿನದು ಗೆರೆಯ ಚರಿತ್ರೆ. ಅದನ್ನು ಓದುವಾಗ ನನಗೆ ಎಸ್.ಎಸ್.ಎಲ್.ಸಿ. ಪತ್ರಿಕೆಗಳ ಮೌಲ್ಯಮಾಪನವೇ ನೆನಪಾಗುತ್ತಿತ್ತು. ನಾನು ಕೂತ ಎಷ್ಟೋ ವರ್ಷ ಪಾಸಿಗೆ 35. ಮೂವತ್ತನಾಲ್ಕು ಬಂದ ಹುಡುಗನಿಗೂ ಮೂವತ್ತೈದು ಬಂದವನಿಗೂ ವಿದ್ಯೆಯಲ್ಲಿ ಏನೂ ವ್ಯತ್ಯಾಸವಿಲ್ಲ ಎಂದು ತಿದ್ದುವವರಿಗೆ ಗೊತ್ತು. ಆದರೂ ಒಬ್ಬನ ಮನೆಯಲ್ಲಿ ಪಾಯಸ, ಇನ್ನೊಬ್ಬನ ಮನೆಯಲ್ಲಿ ಅಳು. ಗೆರೆ ಬೇಕೇ ಬೇಕು, ಗೆರೆ ಇಲ್ಲದೆ ಫಲಿತಾಂಶ ಕೊಡುವ ಹಾಗಿಲ್ಲ. ಹಾಗೆಂದು ಗೆರೆಯನ್ನು ದೇವರು ಎಳೆದದ್ದಲ್ಲ.

1950ರ ದಶಕದಲ್ಲಿ ಇಂಗ್ಲೆಂಡಿನ ಇಬ್ಬರು ದೊಡ್ಡ ವೈದ್ಯರು ಇದೇ ವಿಷಯಕ್ಕೆ ವರ್ಷಗಟ್ಟಲೆ ಜಗಳವಾಡಿದರು. ರಾಬರ್ಟ್ ಪ್ಲಾಟ್, ಇದು ವಂಶದಲ್ಲಿ ಬರುವ ಪ್ರತ್ಯೇಕ ಕಾಯಿಲೆ, ಇದ್ದರೆ ಇದೆ ಇಲ್ಲದಿದ್ದರೆ ಇಲ್ಲ ಎಂದರು. ಜಾರ್ಜ್ ಪಿಕರಿಂಗ್, ಹಾಗಲ್ಲ, ಒತ್ತಡ ಮನುಷ್ಯರ ಎತ್ತರದ ಹಾಗೆ, ಗಿಡ್ಡರಿಂದ ಉದ್ದದವರ ತನಕ ಸಾಲು ತಪ್ಪದೆ ನಿಂತಿದ್ದಾರೆ, ನಡುವೆ ಎಲ್ಲಿ ಗೆರೆ ಎಳೆದರೂ ಅದು ನಮ್ಮ ಅನುಕೂಲಕ್ಕೆ ಎಂದರು. ಗೆದ್ದದ್ದು ಪಿಕರಿಂಗ್ ವಾದ. 2002ರಲ್ಲಿ 61 ಅಧ್ಯಯನಗಳ ಸುಮಾರು ಹತ್ತು ಲಕ್ಷ ಜನರ ವಿವರ ಒಟ್ಟುಗೂಡಿಸಿದಾಗ, ಅಪಾಯ 115/75ರಿಂದಲೇ ಮೆಟ್ಟಿಲಿಲ್ಲದ ಇಳಿಜಾರಿನ ಹಾಗೆ ಏರುತ್ತದೆ ಎಂದು ಕಂಡಿತು. ನಲವತ್ತರಿಂದ ಎಪ್ಪತ್ತರೊಳಗಿನವರಲ್ಲಿ ಮೇಲಿನ ಅಂಕಿ 20 ಏರಿದರೆ ಲಕ್ವದಿಂದ ಸಾಯುವ ಅಪಾಯ ಎರಡರಷ್ಟಕ್ಕಿಂತ ಹೆಚ್ಚು.

ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು? ಎಲ್ಲಿಂದ ಮೇಲೆ ಮಾತ್ರೆಯಿಂದ ತೊಂದರೆಗಿಂತ ಉಪಕಾರ ಹೆಚ್ಚೋ ಅಲ್ಲಿ. ಅದನ್ನು ನೋಡಿದವರು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಎಡ್ವರ್ಡ್ ಫ್ರೈಸ್. ಕೆಳಗಿನ ಅಂಕಿ 115ರಿಂದ 129 ಇದ್ದ 143 ಗಂಡಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರೆ, ಇನ್ನೊಂದಕ್ಕೆ ಮಾತ್ರೆಯಂತೆ ಕಾಣುವ ಬರೀ ಹುಡಿ ಕೊಟ್ಟರು. 1967ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಗುಂಪುಗಳಿಗೆ ಎಷ್ಟು ಅಂತರವಿತ್ತೆಂದರೆ ಪರೀಕ್ಷೆಯನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. 1970ರಲ್ಲಿ ಇನ್ನೂ ಕಡಿಮೆ ಒತ್ತಡದವರಲ್ಲೂ ಉಪಯೋಗ ಕಂಡಿತು. ಅಷ್ಟೂ ಜನ ಗಂಡಸರೇ ಎಂಬುದನ್ನು ನಾವು ಹೆಂಗಸರು ಗಮನಿಸಬೇಕು. ಅಡುಗೆಮನೆಯ ದೇಹಕ್ಕೆ ಬಳಸಿದ ಅಳತೆಗೋಲು ಸೈನಿಕರ ದೇಹದಿಂದ ಬಂದದ್ದು.

ಆಮೇಲೆ ಗೆರೆ ಇಳಿಯುತ್ತಾ ಬಂತು. 1978ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ್ದು 160/95. ಅಮೆರಿಕದ ಸಮಿತಿ 1993ರ ಹೊತ್ತಿಗೆ 140/90ಕ್ಕೆ ಬಂದಿತ್ತು, 1999ರಲ್ಲಿ ವಿಶ್ವ ಸಂಸ್ಥೆಯೂ ಅದನ್ನೇ ಒಪ್ಪಿತು. ಈ ಇಸವಿಗಳನ್ನು ಬರೆದುಕೊಳ್ಳುವಾಗ ನನ್ನ ಕೈ ನಿಂತಿತು. 1989ರಲ್ಲಿ ಅಮ್ಮನ 152/92 ವಿಶ್ವ ಸಂಸ್ಥೆಯ ಅಂದಿನ ಗೆರೆಯ ಈಚೆಗೇ ಇತ್ತು. ಅವಳು ಹೆಚ್ಚೆಂದರೆ ಅಂಚಿನಲ್ಲಿದ್ದವಳು. ಹತ್ತು ವರ್ಷ ತಡವಾಗಿ ಅದೇ ಬೆಂಚಿನ ಮೇಲೆ ಅದೇ ತೋಳು ಚಾಚಿದ್ದರೆ ಚೀಟಿಯಲ್ಲಿ ಟಾನಿಕ್ ಬದಲು ಮಾತ್ರೆ ಇರುತ್ತಿತ್ತು. ಗೆರೆ ಸರಿದದ್ದು 1999ರಲ್ಲಿ, ಅಮ್ಮ ಹೋದದ್ದೂ ಅದೇ ವರ್ಷ. ಡಾಕ್ಟರ ಮೇಲಿನ ಸಿಟ್ಟು ಇಳಿಯಿತು ಎಂದರೆ ಪೂರ್ತಿ ನಿಜವಾಗುವುದಿಲ್ಲ. ಇನ್ನೊಂದು ಸಲ ಬನ್ನಿ, ಮತ್ತೆ ನೋಡೋಣ ಎಂದಾದರೂ ಹೇಳಬಹುದಿತ್ತು. ಅದಕ್ಕೆ ಯಾವ ಗೆರೆಯೂ ಬೇಕಿರಲಿಲ್ಲ.

2015ರಲ್ಲಿ ಅಮೆರಿಕದ 'ಸ್ಪ್ರಿಂಟ್' ಎಂಬ ಪರೀಕ್ಷೆಯಲ್ಲಿ ಅಪಾಯ ಹೆಚ್ಚಿದ್ದ 9,361 ಜನರನ್ನು ತೆಗೆದುಕೊಂಡು, ಅರ್ಧ ಜನಕ್ಕೆ 140ಕ್ಕಿಂತ ಕೆಳಗೆ, ಅರ್ಧ ಜನಕ್ಕೆ 120ಕ್ಕಿಂತ ಕೆಳಗೆ ಇಳಿಸಲು ನೋಡಿದರು. ಹೆಚ್ಚು ಇಳಿಸಿದವರಲ್ಲಿ ಸಾವು ಕಾಲುಭಾಗದಷ್ಟು ಕಡಿಮೆಯಾಯಿತು. ತಲೆ ತಿರುಗಿ ಬೀಳುವುದು, ಮೂತ್ರಪಿಂಡದ ತೊಂದರೆ ಮುಂತಾದವು ಸ್ವಲ್ಪ ಹೆಚ್ಚಾದವು. ಇದಾದ ಮೇಲೆ 2017ರ ನವೆಂಬರಿನಲ್ಲಿ ಅಮೆರಿಕದ ಹೃದಯ ಸಂಸ್ಥೆಗಳು ಗೆರೆಯನ್ನು 130/80ಕ್ಕೆ ಇಳಿಸಿದವು. ರಾತ್ರಿ ಮಲಗುವಾಗ ಆ ದೇಶದ ವಯಸ್ಕರಲ್ಲಿ ನೂರಕ್ಕೆ 32 ಜನ ರೋಗಿಗಳು, ಬೆಳಿಗ್ಗೆ ಏಳುವಾಗ 46! ನಲವತ್ತೈದರೊಳಗಿನ ಹೆಂಗಸರಲ್ಲಿ ರೋಗಿಗಳೆನಿಸಿಕೊಂಡವರ ಸಂಖ್ಯೆ ಎರಡರಷ್ಟಾಯಿತು. ಹೊಸದಾಗಿ ಮಾತ್ರೆ ಬೇಕೆಂದದ್ದು ನೂರಕ್ಕೆ ಇಬ್ಬರಿಗೆ ಮಾತ್ರ, ಉಳಿದವರಿಗೆ ಊಟ, ನಡಿಗೆ, ತೂಕದ ಮಾತು. ಅಲ್ಲಿನ ಕುಟುಂಬ ವೈದ್ಯರ ಸಂಘ ಇದನ್ನು ಒಪ್ಪಲಿಲ್ಲ. ಯೂರೋಪು 140/90ನ್ನೇ ಇಟ್ಟುಕೊಂಡಿತು. ಚೀನಾದಲ್ಲಿ 2022ರ ನವೆಂಬರಿನಲ್ಲಿ ತಜ್ಞರು 130/80 ಎಂದು ಪ್ರಕಟಿಸಿದರೆ, ಎರಡೇ ದಿನಕ್ಕೆ ಸರ್ಕಾರದ ಆರೋಗ್ಯ ಆಯೋಗ, ಇಲ್ಲ, 140/90ರಲ್ಲಿ ಬದಲಾವಣೆಯಿಲ್ಲ ಎಂದು ಹೇಳಬೇಕಾಯಿತು. ಕೋಟಿಗಟ್ಟಲೆ ಜನರನ್ನು ಒಂದೇ ದಿನ ರೋಗಿಗಳೆಂದು ಕರೆದರೆ ಯಾವ ಸರ್ಕಾರಕ್ಕೂ ಎದೆ ಹೊಡೆದುಕೊಳ್ಳುತ್ತದೆ. ನಮ್ಮ ದೇಶದ ಸರ್ಕಾರಿ ಕಾರ್ಯಕ್ರಮವೂ 140/90ರ ಮೇಲೇ ನಡೆಯುತ್ತಿದೆ.

ರೋಗಿ ಎಂದು ಕರೆಯುವುದೇ ಒಂದು ಪೆಟ್ಟು. 1978ರಲ್ಲಿ ಕೆನಡಾದ ಉಕ್ಕಿನ ಕಾರ್ಖಾನೆಯ ಕೆಲಸಗಾರರನ್ನು ಪರೀಕ್ಷಿಸಿ ಬಿ.ಪಿ. ಇದೆ ಎಂದು ತಿಳಿಸಿದ ಮೇಲೆ, ಅವರು ಕೆಲಸಕ್ಕೆ ಚಕ್ಕರ್ ಹೊಡೆಯುವುದು ಬಹಳ ಹೆಚ್ಚಾಯಿತೆಂದು ವರದಿಯಾಗಿದೆ. ಹಿಂದಿನ ದಿನ ಗಟ್ಟಿಮುಟ್ಟಾಗಿದ್ದವರೇ ಅವರು. ನ್ಯೂಜೆರ್ಸಿಯ ಫೋನು ಬಂದ ಮರುದಿನ ಮೂರನೇ ಪೀರಿಯಡ್ಡಿನಲ್ಲಿ ಮೆಟ್ಟಿಲು ಹತ್ತುವಾಗ ನನಗೂ ಎದೆ ಭಾರವಾದಂತೆ ಆಗಿತ್ತು. ನಗಬೇಡಿ.

ಇದಕ್ಕೆ ಇನ್ನೊಂದು ಮುಖವಿದೆ. ಅದನ್ನು ತೋರಿಸಿದವರು ಲಂಡನ್ನಿನ ಜೆಫ್ರಿ ರೋಸ್, 1985ರಲ್ಲಿ. ಬಹಳ ಹೆಚ್ಚು ಒತ್ತಡವಿರುವವರು ಕೆಲವೇ ಮಂದಿ, ಸ್ವಲ್ಪ ಹೆಚ್ಚಿರುವವರು ಲಕ್ಷಾಂತರ. ಒಬ್ಬೊಬ್ಬರ ಅಪಾಯ ಸಣ್ಣದಾದರೂ, ಊರಿನ ಒಟ್ಟು ಲಕ್ವಗಳಲ್ಲಿ ಬಹುಪಾಲು ಈ ನಡುವಿನವರಿಂದಲೇ ಬರಬಹುದು ಎಂದರು ಅವರು. ಫೇಲಾಗುವ ನಾಲ್ವರಿಗೆ ವಿಶೇಷ ತರಗತಿ ತೆಗೆದುಕೊಳ್ಳುವುದು ಒಂದು ದಾರಿ, ಇಡೀ ತರಗತಿಯ ಸರಾಸರಿಯನ್ನೇ ಎರಡು ಅಂಕ ಏರಿಸುವುದು ಇನ್ನೊಂದು. ಬಿ.ಪಿ.ಯಲ್ಲಿ ಆ ಎರಡನೇ ದಾರಿ ಎಂದರೆ ಉಪ್ಪು. ದಿನಕ್ಕೆ ಒಬ್ಬರಿಗೆ ಐದು ಗ್ರಾಮಿನೊಳಗೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಎನ್ನುತ್ತದೆ ವಿಶ್ವ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಬೇಕರಿಯ ಖಾರಾಬನ್ನು ಎಲ್ಲ ಸೇರಿ. ಅಮ್ಮನ ಹಾಗೆ, ನನ್ನ ಹಾಗೆ ಅಂಚಿನಲ್ಲಿ ಕೂತವರಿಗೆ ಈ ದಾರಿಯೇ ಹತ್ತಿರದ್ದು ಎಂದು ನನಗೆ ಅನ್ನಿಸಿದೆ.

ಇಷ್ಟೆಲ್ಲ ಓದಿಕೊಂಡು, ನೂರ ಮೂವತ್ತೋ ನೂರ ನಲವತ್ತೋ ಎಂದು ನಾನು ತೂಗುತ್ತಿದ್ದಾಗ, ಶಿಬಿರದ ಇನ್ನೊಂದು ಸಂಗತಿ ಗೊತ್ತಾಯಿತು. ಟೀಚರುಗಳದು ಮುಗಿದ ಮೇಲೆ ನರ್ಸು ಬಿಸಿಯೂಟದ ಅಡುಗೆ ಮಾಡುವ ಅಮ್ಮನನ್ನೂ ಕರೆದು ನೋಡಿದ್ದಳು. 178/104. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿ ಎಂದು ಚೀಟಿಯನ್ನೂ ಬರೆದುಕೊಟ್ಟಿದ್ದಳು. ಒಂದೂವರೆ ತಿಂಗಳಾದರೂ ಆಕೆ ಹೋಗಿರಲಿಲ್ಲ. ಕೇಳಿದರೆ, "ನಂಗೇನಾಗದೆ ಮೇಡಂ? ನೂರಿಪ್ಪತ್ತು ಮಕ್ಕಳಿಗೆ ಒಬ್ಬಳೇ ಸಾರು ಇಳಿಸ್ತೀನಿ" ಎಂದರು. ಅಮೆರಿಕದ ಗೆರೆ ಹಿಡಿದರೂ, ಚೀನಾದ ಗೆರೆ ಹಿಡಿದರೂ, 1978ರ ಹಳೆಯ ಗೆರೆಯನ್ನೇ ಹಿಡಿದರೂ ಆಕೆ ಆಚೆಗೇ ಇದ್ದರು. ವಿಶ್ವ ಸಂಸ್ಥೆಯ 2023ರ ವರದಿಯ ಪ್ರಕಾರ ಪ್ರಪಂಚದಲ್ಲಿ ಬಿ.ಪಿ. ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಅದು ಇರುವುದೇ ಗೊತ್ತಿಲ್ಲ, ಹತೋಟಿಯಲ್ಲಿರುವುದು ಐವರಲ್ಲಿ ಒಬ್ಬರಿಗೆ. ತಜ್ಞರ ಜಗಳವೆಲ್ಲ ನನ್ನಂಥವರ ಬಗ್ಗೆ. ಈ ಅಮ್ಮನ ವಿಷಯದಲ್ಲಿ ಜಗಳವೇ ಇಲ್ಲ, ಹಾಗಾಗಿ ಕೇಳುವವರೂ ಇಲ್ಲ.

ಮುಂದಿನ ಮಂಗಳವಾರ ಅರ್ಧ ದಿನ ರಜೆ ಹಾಕಿ ಆಕೆಯ ಜೊತೆ ಹೋದೆ. ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಐದು ನಿಮಿಷ ಮಾತಾಡದೆ, ಬೆನ್ನು ಒರಗಿಸಿ, ಕಾಲು ನೆಲಕ್ಕೆ ಊರಿ ಕೂರಿಸಿ, ತೋಳನ್ನು ಎದೆಯ ಮಟ್ಟಕ್ಕೆ ಇಡಿಸಿ ಎರಡು ಸಲ ನೋಡಿದರು. ಶಿಬಿರದಲ್ಲಿ ನಾವು ಕಾಫಿ ಲೋಟ ಕೆಳಗಿಟ್ಟು, ಹರಟುತ್ತಾ ತೋಳು ಕೊಟ್ಟದ್ದು ನೆನಪಾಗಿ ನಾಚಿಕೆಯಾಯಿತು. ಅವರದು 174/102. ಒಂದು ತಿಂಗಳ ಮಾತ್ರೆಯನ್ನು ಬಿಟ್ಟಿಯಾಗಿ ಕೊಟ್ಟರು. ನನ್ನ ಸರದಿ ಬಂದಾಗ ಅಮ್ಮನ ಕಥೆಯನ್ನೂ ಹೇಳಿದೆ. "ನಿಮಗೆ ಈಗಲೇ ಮಾತ್ರೆ ಬೇಡ. ಮನೆಯಲ್ಲಿ ಒಂದು ವಾರ ಬೆಳಿಗ್ಗೆ ಸಂಜೆ ಅಳೆದು ಬರೆದುಕೊಂಡು ಬನ್ನಿ. ಅಮ್ಮನಿಗೆ ಐವತ್ತೈದಕ್ಕೇ ಆಗಿದೆ ಅಂದರೆ ಬಿಡುವ ಹಾಗಿಲ್ಲ" ಎಂದರು. ನನಗೀಗ ಐವತ್ತಾರು ಎಂದು ನಾನೂ ಹೇಳಲಿಲ್ಲ, ಅವರ ಮುಂದಿದ್ದ ಚೀಟಿಯಲ್ಲಿ ಬರೆದಿತ್ತು.

ವಾರದ ಸರಾಸರಿ 131/82 ಬಂತು. ಉಪ್ಪಿನಕಾಯಿಯ ಜಾಡಿ ಮೇಲಿನ ಅಟ್ಟಕ್ಕೆ ಹೋಗಿದೆ, ಹಬ್ಬಕ್ಕೆ ಇಳಿಯುತ್ತದೆ. ಅಡುಗೆಯಮ್ಮ ನಡುವೆ ಎರಡು ವಾರ, "ಈಗ ತಲೆನೋವಿಲ್ಲ" ಎಂದು ಮಾತ್ರೆ ಬಿಟ್ಟುಬಿಟ್ಟಿದ್ದರು. ಗದರಿಸಿದ ಮೇಲೆ ಮತ್ತೆ ಹಿಡಿದಿದ್ದಾರೆ. ಹೋದ ಸಲ 146/90 ಇತ್ತು. "ಪಾಸಾ ಮೇಡಂ?" ಎಂದು ಕೇಳಿದರು. ಇನ್ನೂ ಸ್ವಲ್ಪ ಇಳಿಯಬೇಕಂತೆ ಎಂದೆ. ಅವರ ಕಾರ್ಡಿನಲ್ಲಿ ಮುಂದಿನ ಭೇಟಿ 9ನೇ ತಾರೀಖು ಎಂದು ಬರೆದಿದೆ. ಅಂದು ಮಧ್ಯಾಹ್ನ ನನಗೆ ತರಗತಿ ಇಲ್ಲ.